ಮಂಗಳವಾರದ ಮಾತ್ರೆ

ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತ ಇರುವವರು ಬರೆದುಕೊಂಡ ಅನುಭವಗಳನ್ನು ನಾನು ಒಂದು ಕಾಲದಲ್ಲಿ ಹುಡುಕಿ ಹುಡುಕಿ ಓದುತ್ತಿದ್ದೆ. ಹೆಚ್ಚಿನವು ಮನೆಯವರಿಗೆ ಕೃತಜ್ಞತೆ ಹೇಳುವುದರಲ್ಲಿ ಮುಗಿಯುತ್ತವೆ. ಅಮ್ಮ ಇಲ್ಲದಿದ್ದರೆ ನಾನು ಎದ್ದು ನಿಲ್ಲುತ್ತಿರಲಿಲ್ಲ ಎಂಬಂಥ ಒಂದು ಮಾತು ಕೊನೆಯಲ್ಲಿ ಇದ್ದೇ ಇರುತ್ತದೆ. ಆ ಮಾತು ಬರೆಯಲಾಗದೆ ನಾನು ಇದನ್ನು ಬಹಳ ದಿನ ಮುಂದೂಡಿದೆ. ಅಮ್ಮ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ನಿಜ. ನನ್ನ ಬಲಗೈಯ ಮಣಿಕಟ್ಟು ಈಗ ಪೂರ್ತಿ ಮಡಚದಿರುವುದಕ್ಕೆ ಅವಳು ಕಾರಣ ಎಂಬುದೂ ನಿಜ. ಹೇಳುವುದಾದರೆ ಎರಡನ್ನೂ ಹೇಳಬೇಕು.

ನಮ್ಮ ಮನೆ ಠಾಣೆಯ ವರ್ತಕ ನಗರದಲ್ಲಿ. ಅಪ್ಪಯ್ಯ, ಅಮ್ಮ ಇಬ್ಬರೂ ಕುಂದಾಪುರದ ಕಡೆಯವರು, ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದವರು. ಅಪ್ಪಯ್ಯ ತುರ್ಭೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದು ನಿವೃತ್ತರಾದರು. ನಾನು ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸಾನಪಾಡಾದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಒಬ್ಬಳೇ ಮಗಳು.

ಮೊದಲು ಹೋದದ್ದು ಕೈಯ ಹಿಡಿತ. ಠಾಣೆಯಲ್ಲಿ ವಾಶಿಯ ಲೋಕಲ್ ಹತ್ತುವಾಗ ಬಾಗಿಲ ಕಂಬ ಹಿಡಿದರೆ ಬೆರಳು ನನ್ನವಲ್ಲ ಎನ್ನಿಸುತ್ತಿತ್ತು. ಬೆಳಿಗ್ಗೆ ಎದ್ದಾಗ ಮುಷ್ಟಿ ಬಿಚ್ಚುತ್ತಿರಲಿಲ್ಲ, ಬಿಚ್ಚಿದ್ದು ಮತ್ತೆ ಮುಚ್ಚುತ್ತಿರಲಿಲ್ಲ. ಮೌಸ್ ಹಿಡಿದು ಹಿಡಿದು ಹೀಗಾಗಿರಬೇಕು ಎಂದುಕೊಂಡೆ. ಓಣಿಯ ಡಾಕ್ಟರು ಕ್ಯಾಲ್ಸಿಯಂ ಕೊಟ್ಟರು. ಆಮೇಲೆ ಒಂದು ದಿನ ಜಡೆ ಹೆಣೆಯಲಾಗದೆ ಬಾಚಣಿಗೆ ಹಿಡಿದುಕೊಂಡು ಅಮ್ಮನ ಮುಂದೆ ಹೋಗಿ ಕೂತೆ. ಆಗ ನನಗೆ ಇಪ್ಪತ್ತಾರು. ಅಮ್ಮ ಏನೂ ಕೇಳದೆ ಹೆಣೆದಳು. ಹೆಣೆದು ಮುಗಿಸಿ, “ನಾಳೆ ರಜೆ ಹಾಕ್. ದೊಡ್ಡ ಡಾಕ್ಟ್ರ ಹತ್ರ ಹೋಪ” ಎಂದಳು.

ಸಂಧಿವಾತದ ಡಾಕ್ಟರ ಹೊರಕೋಣೆಯಲ್ಲಿ ಕೂತವರೆಲ್ಲ ಅಮ್ಮನ ವಯಸ್ಸಿನವರು, ಇಲ್ಲವೇ ಇನ್ನೂ ಹಿರಿಯರು. ರಿಸೆಪ್ಷನಿನ ಹುಡುಗಿ ನನ್ನನ್ನು ನೋಡದೆ ಅಮ್ಮನ ಕೈಗೆ ಟೋಕನ್ ಕೊಟ್ಟಳು. ಪಕ್ಕದಲ್ಲಿದ್ದ ಮರಾಠಿ ಅಜ್ಜಿ ನನ್ನ ಕಡೆ ತಿರುಗಿ, “ಆಈಲಾ ಘೇವೂನ್ ಆಲೀಸ್? ಗುಣಾಚೀ ಮುಲ್ಗೀ” ಎಂದಳು. ಅಮ್ಮನನ್ನು ಕರೆದುಕೊಂಡು ಬಂದಿದ್ದೀಯಾ, ಒಳ್ಳೆಯ ಮಗಳು ಎಂದು. ನಾನು ತಲೆಯಾಡಿಸಿದೆ. ಅಮ್ಮನೂ ತಿದ್ದಲಿಲ್ಲ. ಅಜ್ಜಿ ಅತ್ತ ತಿರುಗಿದ ಮೇಲೆ ನನ್ನ ಮೊಣಕೈಯನ್ನು ಮೆಲ್ಲಗೆ ತಿವಿದು, “ಕಾಣ್, ನಾನೇ ಪೇಷಂಟ್ ಅಂಬ್ರ್” ಎಂದು ನಕ್ಕಳು. ಅಂಥ ಜಾಗದಲ್ಲೂ ನಗಿಸಬಲ್ಲ ಹೆಂಗಸು ಅವಳು. ಇದನ್ನು ನಾನು ಮರೆಯಬಾರದು ಎಂದೇ ಬರೆಯುತ್ತಿದ್ದೇನೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಕಾಯಿಲೆಯ ಹೆಸರು ಹೇಳಿ, ಇದು ಹೋಗುವಂಥದ್ದಲ್ಲ, ಹತೋಟಿಯಲ್ಲಿ ಇಡುವಂಥದ್ದು ಎಂದರು. ಅಮ್ಮ, “ಯೇ ತೋ ಬುಢ್ಢೀ ಲೋಗ್ ಕೋ ಹೋತಾ ಹೈ ನಾ ಡಾಕ್ಟರ್?” ಎಂದಳು, ಇದು ಮುದುಕರಿಗೆ ಬರುವುದಲ್ಲವೇ ಎಂದು. “ಕಿಸೀ ಕೋ ಭೀ ಹೋತಾ ಹೈ,” ಯಾರಿಗೆ ಬೇಕಾದರೂ ಬರುತ್ತದೆ, ಎಂದು ಡಾಕ್ಟರು ಬರೆಯುತ್ತಲೇ ಹೇಳಿದರು. ಮುಖ್ಯ ಮಾತ್ರೆ ವಾರಕ್ಕೊಮ್ಮೆ ಮಾತ್ರ. ಉಳಿದ ದಿನ ಫೋಲಿಕ್ ಆಸಿಡ್ ಎಂಬ ಇನ್ನೊಂದು ಮಾತ್ರೆ, ಮೊದಲನೆಯದರ ಉಪದ್ರವ ತಡೆಯಲು. ವಾರದ ಯಾವ ದಿನ ಬೇಕಾದರೂ ಆರಿಸಿಕೊಳ್ಳಿ, ಆರಿಸಿದ ಮೇಲೆ ಬದಲಿಸಬೇಡಿ ಎಂದರು.

ಆಮೇಲೆ ಕೇಳಿದರು: “ಶಾದೀ ಹುಯೀ ಹೈ?”

ಮದುವೆ ಇನ್ನೂ ಇಲ್ಲ ಎಂದೆ. ಈ ಮಾತ್ರೆ ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು, ಮಗು ಬೇಕೆನ್ನಿಸಿದಾಗ ಮೊದಲೇ ತಿಳಿಸಿದರೆ ಬೇರೆ ಔಷಧಿಗೆ ಬದಲಾಯಿಸುತ್ತೇನೆ ಎಂದರು. “ಲೇಕಿನ್ ಅಪ್ನೇ ಆಪ್ ಬಂದ್ ಮತ್ ಕರ್ನಾ.” ಆದರೆ ನೀವಾಗಿಯೇ ನಿಲ್ಲಿಸಬೇಡಿ ಎಂದು.

“ಕಿತ್ನಾ ಮಹೀನಾ ಪೆಹ್ಲೇ?” ಎಷ್ಟು ತಿಂಗಳು ಮೊದಲು ಎಂದು ಅಮ್ಮ ಕೇಳಿದಳು.

“ಕುಛ್ ಮಹೀನೇ. ಅಭೀ ಉಸ್ಕಾ ಟೆನ್ಶನ್ ಕ್ಯೂಂ?” ಕೆಲವು ತಿಂಗಳು, ಈಗಲೇ ಅದರ ಚಿಂತೆ ಯಾಕೆ ಎಂದರು ಡಾಕ್ಟರು.

“ನಹೀ ನಹೀ, ಐಸೇ ಹೀ.”

ಅಮ್ಮ ಅಂದು ಕೀಲುಗಳ ಬಗ್ಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ವಾರ ಆರಿಸಿದವಳು ಅಮ್ಮ. ಸೋಮವಾರ ಶಿವನದು, ಗುರುವಾರ ರಾಯರದು, ಶುಕ್ರವಾರ ದೇವಿಯದು, ಶನಿವಾರ ಹನುಮಂತನದು. ಒಳ್ಳೆಯ ಕೆಲಸಕ್ಕೆ ಆಗದ ಮಂಗಳವಾರವನ್ನು ಮಾತ್ರೆಗೆ ಕೊಟ್ಟಳು. “ಅವತ್ತ್ ಹ್ಯಾಂಗೂ ಹೆಣ್ಣ್ ಕಾಂಬುಕೆ ಯಾರೂ ಬತ್ತಿಲ್ಲ” ಎಂದಳು.

ಮಾತ್ರೆ ನುಂಗುವುದಕ್ಕಿಂತ ಅದನ್ನು ಹೊರತೆಗೆಯುವುದು ಕಷ್ಟವಾಗಿತ್ತು. ಸ್ಟ್ರಿಪ್ಪಿನ ಹಿಂದಿನ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಒಡೆಯಬೇಕು. ಕೀಲುಗಳ ಕಾಯಿಲೆಯ ಔಷಧಿಯನ್ನು ಕೀಲು ಸರಿಯಿರುವವರು ಮಾತ್ರ ತೆಗೆಯುವ ಹಾಗೆ ಕಟ್ಟಿರುತ್ತಾರೆ. ಮೊದಲ ವಾರ ನಾನು ಹಲ್ಲಿನಿಂದ ಕಚ್ಚಿ ತೆಗೆದೆ. ಅದನ್ನು ನೋಡಿದ ಅಮ್ಮ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ಏಳು ಮುಚ್ಚಳಗಳ ಒಂದು ಪ್ಲಾಸ್ಟಿಕ್ ಡಬ್ಬಿ ತಂದಳು. ಭಾನುವಾರ ಊಟವಾದ ಮೇಲೆ ಹಾಲಿನ ನೆಲದ ಮೇಲೆ ಕೂತು, ಟಿವಿ ನೋಡುತ್ತಾ, ಇಡೀ ವಾರದ್ದನ್ನು ತೆಗೆದು ಹಾಕಿಡುತ್ತಿದ್ದಳು. ಎರಡೂ ಬಗೆಯ ಮಾತ್ರೆಗಳು ಸಣ್ಣವು, ಎರಡೂ ಹಳದಿ. ನಾನು ಬೆಳಿಗ್ಗೆ ಮುಚ್ಚಳ ತೆಗೆದು ಅಂಗೈಗೆ ಬಗ್ಗಿಸಿ ನುಂಗಿದರೆ ಮುಗಿಯಿತು. ಕಾಯಿಲೆ ಬಂದ ಮೇಲೆ ನನಗೆ ಯಾರಾದರೂ ಮಾಡಿದ ಅತಿ ದೊಡ್ಡ ಉಪಕಾರ ಅದೇ ಎಂದು ಆಗ ಅನ್ನಿಸಿತ್ತು.

ಮಾತ್ರೆ ನಿಧಾನವಾಗಿ ಹಿಡಿಯಿತು. ಮೊದಲು ವಾಕರಿಕೆ, ಸುಸ್ತು. ಮಂಗಳವಾರದ ರಾತ್ರಿಗಳು ಹಾಳು. ಆಮೇಲೆ ಒಂದು ಬೆಳಿಗ್ಗೆ ನೀರಿನ ಬಾಟಲಿಯ ಮುಚ್ಚಳವನ್ನು ಯೋಚಿಸದೆ ತಿರುಗಿಸಿದೆ, ತಿರುಗಿತು. ಅಮ್ಮ ಅಡುಗೆಮನೆಯಿಂದಲೇ, “ಹ್ವಾಯ್, ಇಲ್ಲ್ ಕಾಣಿ! ಮುಚ್ಲ ತೆಗುದ್ಲ್!” ಎಂದು ಅಪ್ಪಯ್ಯನನ್ನು ಕೂಗಿದಳು. ಅವರು ಪೇಪರ್ ಹಿಡಿದುಕೊಂಡೇ ಬಂದು ಮುಚ್ಚಳವನ್ನು ನೋಡಿ ಹೋದರು. ನಾನು ಮತ್ತೆ ಲೋಕಲಿನಲ್ಲಿ ನಿಂತು ಹೋಗತೊಡಗಿದೆ. ನನ್ನ ಜಡೆಯನ್ನು ನಾನೇ ಹೆಣೆದೆ.

ಇಲ್ಲಿ ನಮ್ಮವರ ಒಂದು ರೂಢಿಯನ್ನು ಹೇಳಬೇಕು. ಊರಿನಲ್ಲಿ ಮುಹೂರ್ತ ಇಟ್ಟು ಆಮೇಲೆ ಜಾಗ ನೋಡುತ್ತಾರೆ. ಇಲ್ಲಿ ಮೊದಲು ಮದುವೆಯ ಹಾಲ್. ಸೀಸನ್ನಿನಲ್ಲಿ ಒಳ್ಳೆಯ ಹಾಲ್ ಸಿಗುವುದು ಎಷ್ಟು ಕಷ್ಟವೆಂದರೆ, ಪರಿಚಯವಿದ್ದವರು ಬಹಳ ಮೊದಲೇ ಬಾಯಿಮಾತಿನಲ್ಲಿ ಒಂದು ದಿನ ಹಿಡಿದಿಡುತ್ತಾರೆ. ಇದಕ್ಕೆ ಪೆನ್ಸಿಲ್ ಬುಕಿಂಗ್ ಎಂದು ಹೆಸರು. ಪುರೋಹಿತರು ಆ ದಿನಕ್ಕೆ ಹೊಂದುವ ಲಗ್ನ ಹುಡುಕಿಕೊಡುತ್ತಾರೆ. ಅಮ್ಮನ ತಂಗಿ ಗುಲಾಬಿ ಚಿಕ್ಕಮ್ಮ ಡೊಂಬಿವಲಿಯಲ್ಲಿ ಇರುವುದು, ಅವಳಿಗೆ ಹಾಲಿನ ಮ್ಯಾನೇಜರ್ ಗೊತ್ತು. ನನ್ನ ಕೈ ಸರಿಹೋಯಿತೆಂದು ಕೇಳಿದ್ದೇ ಅವಳು ಬಂದು, ಮುಂದಿನ ವರ್ಷದ ಒಂದು ಭಾನುವಾರ ಹಿಡಿಸಿದ್ದೇನೆ ಎಂದು ಸಾರಿದಳು.

“ಗಂಡೇ ಇಲ್ದೆ ಹಾಲ್ ಎಂತಕ್ಕ್ ಗುಲಾಬಿ?” ಎಂದರು ಅಪ್ಪಯ್ಯ.

“ಗಂಡ್ ಸಿಕ್ಕತ್ತ್ ಭಾವ, ಡೊಂಬಿವ್ಲಿಯಗೆ ಏಸಿ ಹಾಲ್ ಸಿಕ್ಕತ್ತಾ? ಪಾರ್ಕಿಂಗ್ ಇಪ್ಪುದ್ ಬೇರೆ! ನೀವ್ ಕಂಪ್ನಿಗೆ ಬೋಲ್ಟ್ ತಕಂಬುಕಾರೆ ಮಿಷನ್ ಬಪ್ಪು ತನ್ಕ ಕೂಕಂತಿದ್ರ್ಯಾ?”

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆ ಭಾನುವಾರ ಮನೆಯಲ್ಲಿ ಒಂದು ಹಬ್ಬದ ಹೆಸರಿನಂತೆ ಓಡಾಡತೊಡಗಿತು. ‘ಹಾಲಿನ ದಿನ’ಕ್ಕಿಂತ ಮೊದಲು ಬಣ್ಣ ಹೊಡೆಸಬೇಕು, ‘ಹಾಲಿನ ದಿನ’ದ ಹೊತ್ತಿಗೆ ಊರಿನವರಿಗೆ ಟಿಕೆಟ್ ಸಿಗುವುದೇ ಎಂದು. ಅಮ್ಮ ಇನ್ನೊಂದು ಲೆಕ್ಕವನ್ನೂ ಅದೇ ದಿನದಿಂದ ಹಿಂದಕ್ಕೆ ಹಾಕುತ್ತಿದ್ದಳು ಎಂದು ನನಗೆ ತಿಳಿಯಲಿಲ್ಲ.

ಗಂಡೂ ಸಿಕ್ಕಿತು. ನಿಖಿಲ್, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಐರೋಲಿಯಲ್ಲಿ ಕೆಲಸ. ಮನೆಯವರು ಉಡುಪಿಯ ಕಡೆಯವರು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ನೋಡಲು ಬಂದಾಗ ಅವನ ತಾಯಿ ನಾನು ಲೋಟ ಹಿಡಿಯುವ ರೀತಿಯನ್ನು ಗಮನಿಸಿ, “ಕೈಗೆ ಎಂತ ಆಗಿತ್ತು?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, “ಸ್ವಲ್ಪ ವಾತದ ಅಂಶ ಇದ್ದಿತ್ತ್. ಈಗ ಎಲ್ಲ ಸರಿ ಆಯ್ತ್” ಎಂದಳು.

ಅಡುಗೆಮನೆಯಲ್ಲಿ ನಾನು, “ಸರಿಯಾಗಿ ಹೇಳಬೇಕಮ್ಮಾ, ಕಾಯಿಲೆಯ ಹೆಸರು ಹೇಳಬೇಕು” ಎಂದೆ. ಅವಳು ಅಂಬಡೆ ತಟ್ಟೆಗೆ ಹಾಕುತ್ತಾ, “ಹೇಳುವ ಮಗಾ. ಎಲ್ಲ ಒಂದೇ ಸಲ ಬ್ಯಾಡ. ಮೊದ್ಲ್ ನಿನ್ನನ್ ಕಾಣ್ಲಿ” ಎಂದಳು. ಅವರಿಗೂ ನಮಗೂ ಒಪ್ಪಿಗೆಯಾಗಿ, ನಿಶ್ಚಿತಾರ್ಥ ಮಳೆಗಾಲ ಕಳೆದ ಮೇಲೆ ಎಂದಾಯಿತು. ಹೆಸರು ಹೇಳುವ ದಿನ ಮಾತ್ರ ಬರಲಿಲ್ಲ.

ನೋವು ಮರಳಿದ್ದು ಆ ಮಳೆಗಾಲದಲ್ಲಿ. ಮೊದಲು ಬೆರಳಿನ ಬುಡ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು. ಸಾನಪಾಡಾ ಸ್ಟೇಷನ್ನಿನ ಮೆಟ್ಟಿಲ ಮಧ್ಯೆ ಒಂದು ಬೆಳಿಗ್ಗೆ ನನ್ನ ಕಾಲು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಹಿಂದಿನಿಂದ ಜನ ‘ಚಲೋ, ಚಲೋ’ ಎನ್ನುತ್ತಿದ್ದರು. ದಿನಾ ಲೋಕಲಿನಲ್ಲಿ ನಮ್ಮ ಬೋಗಿಯಲ್ಲೇ ಬರುವ ಒಬ್ಬಳು, ಹೆಸರು ಇಂದಿಗೂ ಗೊತ್ತಿಲ್ಲ, ನನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು, ಜನರತ್ತ ಬೆನ್ನು ಮಾಡಿ ಗೋಡೆಯ ಹಾಗೆ ನಿಂತಳು. ನಾನು ಕೊನೆಯ ಮೆಟ್ಟಿಲು ಮುಟ್ಟುವವರೆಗೆ ಹಾಗೆಯೇ ನಿಂತಿದ್ದು, ಬ್ಯಾಗ್ ಕೊಟ್ಟು ಓಡಿದಳು.

ನನ್ನ ದೇಹವೇ ನನಗೆ ಮೋಸ ಮಾಡುತ್ತಿದೆ ಎಂದು ನಂಬಿದೆ. ಬೇರೆ ಯಾರನ್ನು ಸಂಶಯಿಸಲಿ? ಏನು ತಿಂದೆ, ಎಲ್ಲಿ ನೆನೆದೆ, ಯಾಕೆ ಎಷ್ಟು ಹೊತ್ತು ಕೂತೆ ಎಂದು ನನ್ನನ್ನೇ ವಿಚಾರಣೆ ಮಾಡಿಕೊಂಡೆ. ಅಮ್ಮ ಬದನೆ ಬಿಡಿಸಿದಳು, ಮೊಸರು ಬಿಡಿಸಿದಳು, ಆಲೂಗಡ್ಡೆ ಬಿಡಿಸಿದಳು. ಎಲ್ಲವನ್ನೂ ಬಿಟ್ಟೆ. ಸಂಜೆ ಆಫೀಸಿನಿಂದ ಬಂದರೆ ಬಿಸಿ ಎಣ್ಣೆ ತಂದು ನನ್ನ ಒಂದೊಂದು ಬೆರಳನ್ನೂ ನೀವುತ್ತಿದ್ದಳು. ಯಾವ ಬೆರಳು ಎಷ್ಟು ಬಾತಿದೆಯೆಂದು ಡಾಕ್ಟರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಕೆಲವು ಸಂಜೆ ನೀವುತ್ತಲೇ ಅವಳ ಕಣ್ಣು ತುಂಬುತ್ತಿತ್ತು. ಆಗ ನಾನೇ ಅವಳಿಗೆ ಸಮಾಧಾನ ಹೇಳುತ್ತಿದ್ದೆ.

ಡಾಕ್ಟರು ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಕನ್ನಡಕ ತೆಗೆದರು. ಎಕ್ಸ್‌ರೇಯಲ್ಲಿ ಬಲ ಮಣಿಕಟ್ಟಿನ ಮೂಳೆ ಅಂಚಿನಲ್ಲಿ ಸವೆದಿತ್ತು. ಅದು ಮತ್ತೆ ಬೆಳೆಯುವುದಿಲ್ಲ ಎಂದರು. ಆಮೇಲೆ ನನ್ನನ್ನು ಮರಾಠಿಯಲ್ಲಿ ಕೇಳಿದರು, “ಖರಂ ಸಾಂಗ್. ಗೋಳೀ ಘೇತೇಸ್ ನಾ?” ನಿಜ ಹೇಳು, ಮಾತ್ರೆ ತೆಗೆದುಕೊಳ್ಳುತ್ತೀಯಲ್ಲ?

ನನಗೆ ಮುಖಕ್ಕೆ ಹೊಡೆದಂತಾಯಿತು. ಶಾಲೆಯಲ್ಲೂ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಒಂದು ವಾರವೂ ತಪ್ಪಿಸಿಲ್ಲ ಎಂದೆ. ಅಮ್ಮ ಪಕ್ಕದ ಕುರ್ಚಿಯಲ್ಲಿ, ಪರ್ಸನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. “ಮೈ ಹೀ ದೇತೀ ಹೂಂ ಡಾಕ್ಟರ್. ಏಕ್ ದಿನ್ ಭೀ ಮಿಸ್ ನಹೀ” ಎಂದಳು. ನಾನೇ ಕೊಡುವುದು, ಒಂದು ದಿನವೂ ತಪ್ಪಿಲ್ಲ ಎಂದು.

ಹಾಗಾದರೆ ಈ ಔಷಧಿ ನಿನ್ನಲ್ಲಿ ಸೋತಿತು ಎಂದರು ಡಾಕ್ಟರು. ಪ್ರಮಾಣ ಹೆಚ್ಚಿಸಿ ಕೊನೆಯದಾಗಿ ನೋಡೋಣ, ಆಮೇಲೆ ಇಂಜೆಕ್ಷನ್. ಅದಕ್ಕೆ ಸೋಂಕಿನ ಅಪಾಯ ಜಾಸ್ತಿ, ಯೋಚಿಸಿಕೋ ಎಂದರು. ಆಟೋದಲ್ಲಿ ಬರುವಾಗ ನಾನು ಅತ್ತೆ. ಅಮ್ಮ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಕೆಲವು ವಾರಗಳ ನಂತರ ಗುಲಾಬಿ ಚಿಕ್ಕಮ್ಮನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಅಮ್ಮ ಡೊಂಬಿವಲಿಗೆ ಹೋದಳು. ಹೋಗುವ ಮೊದಲು ಡಬ್ಬಿ ತುಂಬಿಸಿಟ್ಟಿದ್ದಳು, ಆದರೆ ಅಲ್ಲಿ ಉಳಿಯುವುದು ಲಂಬಿಸಿತು. ಭಾನುವಾರ ಊಟವಾದ ಮೇಲೆ ಅಪ್ಪಯ್ಯ, “ತಾ, ನಾನ್ ತುಂಬುಸ್ತೆ” ಎಂದು ಕಪಾಟಿನಿಂದ ಔಷಧಿಯ ಸ್ಟೀಲ್ ಪೆಟ್ಟಿಗೆ ಇಳಿಸಿ ಕೂತರು. ಖರೀದಿ ವಿಭಾಗದ ಅಭ್ಯಾಸ, ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ನೆಲದ ಮೇಲೆ ಹರಡಿ, ಹಳೆಯದು ಮೊದಲು ಹೊಸದು ಆಮೇಲೆ ಎಂದು ಸಾಲಾಗಿ ಜೋಡಿಸಿದರು.

“ಸಂಧ್ಯಾ, ಇದ್ ಎಂತಕ್ಕ್ ಇಷ್ಟ್ ಸ್ಟಾಕ್ ಮಾಡಿಟ್ಟಿರ್?”

“ಯಾವುದು?”

“ವಾರದ್ದ್. ಕಾಣ್, ಒಂದೂ ಒಡೀಲಿಲ್ಲ. ಇದ್ರದ್ದ್ ಎಕ್ಸ್‌ಪೈರಿ ಹತ್ರ ಬಂತ್. ಇದನ್ನೇ ಮೊದ್ಲ್ ತೆಗಿಕ್. ಮತ್ತೊಂದ್ ಮಾತ್ರೆ ಸಮಾ ಖರ್ಚಾಯ್ತ್, ಅದ್ ತರುಕಿತ್ತ್.”

ನಾನು ಬಂದು ನೆಲದ ಮೇಲೆ ಕೂತೆ. ಮಂಗಳವಾರದ ಮಾತ್ರೆಯ ಸ್ಟ್ರಿಪ್ಪುಗಳು, ಅಂಗಡಿಯಿಂದ ತಂದ ಹಾಗೆಯೇ, ಹೊಳೆಯುತ್ತಾ ಮಲಗಿದ್ದವು. ನಿಶ್ಚಯದ ಮಾತು ಶುರುವಾದ ತಿಂಗಳಿನಿಂದ ಡಾಕ್ಟರು ಮೊನ್ನೆ ಹೆಚ್ಚಿಸಿ ಬರೆದುಕೊಟ್ಟದ್ದರ ತನಕ. ನನ್ನ ಕೆಲಸ ಅಂಕಿಗಳಲ್ಲಿ ಕಾಣೆಯಾದದ್ದನ್ನು ಹುಡುಕುವುದು. ಆದರೂ ನಾನು ಬಹಳ ಹೊತ್ತು ಬೇರೆ ವಿವರಣೆಗಳನ್ನು ಹುಡುಕಿದೆ. ಎರಡು ಅಂಗಡಿಯಿಂದ ತಂದಿರಬಹುದು. ಹೆಚ್ಚಾಗಿ ಬಂದಿರಬಹುದು. ಅಪ್ಪಯ್ಯ ನನ್ನ ಮುಖ ನೋಡಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. “ಅಂದ್ರೆ, ಆ ಡಬ್ಬಿಯಗೆ ಇಷ್ಟ್ ದಿನ ಎಂತ ಹಾಕ್ತಿದ್ಲ್?” ಎಂದರು. ಅವರಿಗೂ ಉತ್ತರ ಗೊತ್ತಾಗಿತ್ತು. ಏಳು ದಿನವೂ ಫೋಲಿಕ್ ಆಸಿಡ್. ಅದೂ ಸಣ್ಣದು, ಅದೂ ಹಳದಿ.

ಸ್ಟ್ರಿಪ್ಪುಗಳನ್ನು ಬ್ಯಾಗಿಗೆ ಹಾಕಿಕೊಂಡು ಆ ಸಂಜೆಯೇ ಡೊಂಬಿವಲಿಗೆ ಹೋದೆ. ಅಪ್ಪಯ್ಯ ಬರುತ್ತೇನೆ ಎಂದರು, ಬೇಡವೆಂದೆ. ಚಿಕ್ಕಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಒರಗಿದ್ದಳು. ಅಮ್ಮ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಕಾಯಿ ತುರಿಯುತ್ತಿದ್ದಳು. ನಾನು ಸ್ಟ್ರಿಪ್ಪುಗಳನ್ನು ಅವಳ ಮುಂದೆ ಇಟ್ಟೆ.

ತುರಿಯುವುದು ನಿಂತಿತು. “ಅಪ್ಪಯ್ಯ ತೆಗುದ್ರಾ?” ಎಂದು ಮಾತ್ರ ಕೇಳಿದಳು.

“ಯಾಕಮ್ಮಾ?”

“ಡಾಕ್ಟ್ರೇ ಹೇಳ್ಲಿಲ್ಯಾ, ಮೊದ್ಲೇ ನಿಲ್ಸ್ಕ್ ಅಂದ್ಹೇಳಿ. ಮದಿಯಾಯಿ ಒಂದ್ ಮಗು ಆಪು ತನ್ಕ. ಮತ್ತೆ ನಿನ್ ಜೀವಮಾನ ಇಡೀ ತಕೋ, ಯಾರ್ ಬ್ಯಾಡ ಅಂತ್ರ್?”

“ನೀವಾಗಿಯೇ ನಿಲ್ಲಿಸಬೇಡಿ ಅಂದರು. ನೀನು ಅಲ್ಲೇ ಇದ್ದೆ.”

ಮಂಚದಿಂದ ಚಿಕ್ಕಮ್ಮ, “ನಾನೇ ಹೇಳದ್ದ್. ಬೈಕಿದ್ರೆ ನಂಗೆ ಬೈ” ಎಂದಳು. “ಆ ಮಾತ್ರೆ ಮೈಯಗೆ ಕೂಕಂಡ್ರೆ ನಾಳೆ ಹುಟ್ಟು ಮಗಿಗೆ ಯಾರ್ ಗತಿ? ಹಾಲ್ ಹಿಡ್ದ್ ಆಯ್ತ್, ದಿನ ಹತ್ರ ಬಂತ್. ಮುಂದೆ ನೀನೇ ನಮ್ಗೆ ಥ್ಯಾಂಕ್ಸ್ ಹೇಳ್ತೆ ಕಾಣ್.”

ನಾನು ಅಮ್ಮನನ್ನೇ ನೋಡುತ್ತಿದ್ದೆ. “ನನ್ನ ಕೈ ಬಾತದ್ದು ನಿನಗೆ ಕಾಣಲಿಲ್ವಾ?”

“ಕಂಡಿತ್” ಎಂದಳು. “ದಿನಾ ಕಂಡಿತ್.”

“ಡಾಕ್ಟರು ನನ್ನನ್ನು ಸುಳ್ಳು ಹೇಳುವವಳ ಹಾಗೆ ಕೇಳಿದಾಗ?”

“ಅಲ್ಲ್ ಎಂತ ಹೇಳ್ಲಿ? ಅವ್ರ್ ನಂಗೆ ಬಯ್ತಿದ್ರ್.”

ಅಷ್ಟು ಸಣ್ಣ ಕಾರಣ. ನನ್ನ ಮೂಳೆಯ ಚಿತ್ರ ಎದುರಿನ ಬೆಳಕಿನ ಹಲಗೆಯ ಮೇಲಿತ್ತು, ಅವಳು ಬೈಸಿಕೊಳ್ಳಲು ಹೆದರಿದ್ದಳು.

“ನನಗೆ ಒಂದು ಮಾತು ಹೇಳಬಹುದಿತ್ತು” ಎಂದೆ.

“ಹೇಳಿರೆ ನೀ ಒಪ್ತಿದ್ಯಾ?”

“ಇಲ್ಲ.”

“ಅದ್ಕೇ ಹೇಳ್ಲಿಲ್ಲ.”

ಇದರಲ್ಲಿ ಅವಳಿಗೆ ಯಾವ ತೊಡಕೂ ಕಾಣಲಿಲ್ಲ. ಸೀರೆಯ ಅಂಚಿನಲ್ಲಿ ಕೈ ಒರೆಸಿಕೊಂಡು, “ಊಟ ಮಾಡ್ಕಂಡ್ ಹೋಗ್. ಕೈ ಕಾಂಬ, ತೋರ್ಸ್” ಎಂದು ನನ್ನ ಬಲಗೈಯನ್ನು ಹಿಡಿಯಲು ಬಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಸಂಜೆ ಅವಳ ಮುಖದಲ್ಲಿ ನೋವು ಕಂಡದ್ದು ಆಗ ಮಾತ್ರ.

ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಹೊರಗೆ ಕಾಯುವಾಗ ವಾಕ್ಯಗಳನ್ನು ಜೋಡಿಸಿಕೊಂಡೆ, ಒಂದೂ ಸರಿಹೋಗಲಿಲ್ಲ. ಸ್ವಂತ ಅಮ್ಮನ ಮೇಲೆ ದೂರು ಕೊಡಲು ಬಂದವಳ ಹಾಗೆ ನಾಚಿಕೆಯಾಗುತ್ತಿತ್ತು. ಮೋಸ ಮಾಡಿದವರು ಬೇರೆ, ನಾಚಿಕೆ ಮಾತ್ರ ನನ್ನ ಪಾಲಿಗೆ. ಒಳಗೆ ಹೋಗಿ, ನಾನು ಇಷ್ಟು ತಿಂಗಳು ಮಾತ್ರೆ ತೆಗೆದುಕೊಂಡಿಲ್ಲ, ನನಗೆ ಗೊತ್ತಿರಲಿಲ್ಲ ಎಂದು ಹೇಳಿದೆ. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ, ಅಮ್ಮ ಕೂರುತ್ತಿದ್ದ ಕುರ್ಚಿಯಲ್ಲಿ ಕೂತರು. ಬೇಡದ ಇಂಜೆಕ್ಷನ್ ಇನ್ನೇನು ಕೊಡಿಸುವವಳಿದ್ದೆ ಎಂದರು. ಅಂದು ನಿನ್ನನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕಿತ್ತು ಎಂದೂ ಹೇಳಿದರು. ಆಮೇಲೆ ಮತ್ತೆ ಕಡಿಮೆ ಪ್ರಮಾಣದಿಂದ ಶುರು ಮಾಡೋಣ ಎಂದು ಬರೆದುಕೊಟ್ಟು, ಮೇಜಿನ ಡ್ರಾಯರಿನಿಂದ ಒಂದು ಚಮಚ ತೆಗೆದು, ಅದರ ಹಿಂಬದಿಯಿಂದ ಸ್ಟ್ರಿಪ್ ಒತ್ತಿ ತೋರಿಸಿದರು. ಮಾತ್ರೆ ಟಪ್ಪೆಂದು ಹೊರಬಂತು. ಇಷ್ಟು ಸುಲಭದ್ದು ನನಗೆ ಯಾರೂ ಹೇಳಿರಲಿಲ್ಲ.

ಉಳಿದದ್ದು ನಿಖಿಲ್. ಅವನಿಗೆ ಹೆಸರು ಹೇಳಬೇಕಿತ್ತು. ವಾಶಿಯ ಒಂದು ಹೋಟೆಲಿನಲ್ಲಿ, ಆಫೀಸು ಮುಗಿದ ಮೇಲೆ ಭೇಟಿಯಾದೆವು. ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಕಾಯಿಲೆಯ ಹೆಸರು, ಅದು ಹೋಗುವುದಿಲ್ಲ, ಮಾತ್ರೆ ಜೀವನಪೂರ್ತಿ ಬೇಕಾಗಬಹುದು, ಮಗುವಿಗೆ ಡಾಕ್ಟರೊಂದಿಗೆ ಮೊದಲೇ ಯೋಜನೆ ಮಾಡಬೇಕು, ಆದರೆ ಆಗಬಹುದು. ಎಲ್ಲ ಹೇಳಿದೆ. ಅವನು ಗಲಿಬಿಲಿಗೊಂಡವನಂತೆ ಕೇಳುತ್ತಿದ್ದ.

“ಲೇಕಿನ್ ದವಾಯೀ ತೋ ಬಂದ್ ಹೋ ಗಯೀ ಥೀ ನಾ?” ಎಂದ. ಔಷಧಿ ನಿಂತಿತ್ತಲ್ಲವೇ ಎಂದು.

“ಯಾರು ಹೇಳಿದರು?”

“ಗುಲಾಬಿ ಆಂಟೀ. ಮಮ್ಮೀ ನೇ ಪೂಛಾ ಥಾ, ದವಾಯೀ ಚಾಲೂ ಹೈ ಕ್ಯಾ. ಆಂಟೀ ಬೋಲೀ, ಠೀಕ್ ಹೋ ಗಯಾ, ಗೋಲೀ ಕಬ್ ಕೀ ಬಂದ್. ಆಪ್ಕೀ ಮಮ್ಮೀ ಭೀ ವಹೀಂ ಥೀ.” ಔಷಧಿ ಇನ್ನೂ ಇದೆಯೇ ಎಂದು ಅವನ ತಾಯಿ ಕೇಳಿದ್ದಕ್ಕೆ, ಗುಣವಾಯಿತು, ಮಾತ್ರೆ ನಿಂತು ಎಷ್ಟೋ ದಿನವಾಯಿತು ಎಂದಿದ್ದಳಂತೆ ಚಿಕ್ಕಮ್ಮ; ಅಮ್ಮನೂ ಅಲ್ಲೇ ಇದ್ದಳಂತೆ.

ನಾನು ನೀರು ಕುಡಿದೆ. ವೇಟರ್ ಬಂದು ಬೇರೇನಾದರೂ ಬೇಕೇ ಎಂದು ಕೇಳಿ ಹೋದ.

ಮಾತ್ರೆ ನಿಂತ ಸುದ್ದಿ ಅಮ್ಮನಿಗೆ ಗೊತ್ತಿತ್ತು. ಚಿಕ್ಕಮ್ಮನಿಗೆ ಗೊತ್ತಿತ್ತು. ಡೊಂಬಿವಲಿಯಲ್ಲಿ ನಾನು ಒಮ್ಮೆಯೂ ಕಾಲಿಡದ ಒಂದು ಮನೆಯಲ್ಲಿ, ನಾನು ಒಮ್ಮೆ ಮಾತ್ರ ನೋಡಿದ ಜನರಿಗೆ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ಮುಚ್ಚಳ ತೆಗೆದು ನಂಬಿಕೆಯಿಂದ ನುಂಗುತ್ತಿದ್ದ ನನಗೆ ಮಾತ್ರ ಗೊತ್ತಿರಲಿಲ್ಲ. ಯಾಕೆಂದು ಕೇಳಿದಾಗ ಹುಟ್ಟಲಿರುವ ಮಗುವನ್ನು ಮುಂದೆ ಮಾಡಿದ್ದರು. ಆದರೆ ಅವರಿಗೆ ಮೊದಲು ಬೇಕಾಗಿದ್ದದ್ದು ಗಂಡಿನ ಮನೆಯವರಿಗೆ ಹೇಳಲು ‘ಗೋಲೀ ಬಂದ್’ ಎಂಬ ಒಂದು ಮಾತು, ಸುಳ್ಳು ಹೇಳದೆ ಹೇಳಬಹುದಾದ ಒಂದು ಮಾತು.

“ಆಪ್ಕೋ ನಹೀ ಪತಾ ಥಾ?” ಎಂದು ನಿಖಿಲ್ ಮೆಲ್ಲಗೆ ಕೇಳಿದ. ನನಗೆ ಗೊತ್ತಿರಲಿಲ್ಲ ಎಂದು ತಲೆಯಾಡಿಸಿದೆ. ಅವನು ತನಗೆ ಬಾರದ ಕನ್ನಡದಲ್ಲಿ, “ಇದು ಸರಿ ಇಲ್ಲ. ತುಂಬಾ ಸರಿ ಇಲ್ಲ” ಎಂದ. ಅವನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮನೆಯಲ್ಲಿ ಮಾತಾಡುತ್ತೇನೆ ಎಂದು ಹೋದ. ಮಾತಾಡಿರಬೇಕು. ಕೆಲವು ದಿನ ಬಿಟ್ಟು ಅವರ ಮನೆಯಿಂದ ಜಾತಕ ಇನ್ನೊಮ್ಮೆ ತೋರಿಸಿದೆವು, ಹೊಂದುತ್ತಿಲ್ಲ ಎಂಬ ಸಂದೇಶ ಬಂತು. ಚಿಕ್ಕಮ್ಮ ಫೋನ್ ಮಾಡಿ, “ಬಾಯಿ ಬಿಟ್ಟ್ ಎಲ್ಲ ಹಾಳ್ ಮಾಡ್ದೆ. ಆ ಭಾನುವಾರನೂ ಬೇರೆಯವ್ರಿಗೆ ಹೋಯ್ತ್” ಎಂದಳು. ನಾನು ಪೂರ್ತಿ ಕೇಳಿ, ಸರಿ ಎಂದು ಇಟ್ಟೆ.

ಇದನ್ನು ಓದುತ್ತಿರುವ ನಿಮಗೆ ನನ್ನ ಹಾಗೆ ಹೋಗದ ಕಾಯಿಲೆ ಏನಾದರೂ ಇದ್ದರೆ, ಹೇಳಬೇಕಾದದ್ದು ಒಂದೇ. ನಿಮ್ಮ ಕೈಗೆ ಶಕ್ತಿ ಇಲ್ಲದಿದ್ದರೆ ಬೇರೆಯವರು ಸ್ಟ್ರಿಪ್ ಒಡೆಯಲಿ, ಆದರೆ ನಿಮ್ಮ ಕಣ್ಣೆದುರು ಒಡೆಯಲಿ. ಅದರ ಮೇಲಿನ ಹೆಸರನ್ನು ನೀವು ಓದಿ. ಹಾಗೆ ಮಾಡುವುದು ಮನೆಯವರನ್ನು ಅವಮಾನಿಸಿದಂತೆ ಎಂದು ನನಗೂ ಅನ್ನಿಸಿತ್ತು.

ಬೇರೆ ಮನೆ ಮಾಡಿಕೊಂಡೆಯಾ ಎಂದು ಆಫೀಸಿನ ಗೆಳತಿ ಕೇಳಿದಳು. ಇಲ್ಲ. ಅದೇ ಮನೆ, ಅದೇ ಊಟ. ಮಾತ್ರೆ ನನ್ನ ಆಫೀಸ್ ಬ್ಯಾಗಿನಲ್ಲಿ ಇರುತ್ತದೆ, ಮಂಗಳವಾರ ಅಲ್ಲಿನ ಪ್ಯಾಂಟ್ರಿಯಲ್ಲಿ ತೆಗೆದುಕೊಳ್ಳುತ್ತೇನೆ. ಔಷಧಿ ಸೋತಿರಲಿಲ್ಲ. ಬೆರಳುಗಳು ಹೆಚ್ಚುಕಡಿಮೆ ಮೊದಲಿನಂತಾದವು, ಮಣಿಕಟ್ಟು ಆಗಲಿಲ್ಲ. ಭಾರದ ಪಾತ್ರೆ ಎತ್ತಲಾಗುವುದಿಲ್ಲ, ಚಪಾತಿ ಲಟ್ಟಿಸಲಾಗುವುದಿಲ್ಲ, ಲೋಕಲಿನಲ್ಲಿ ಎಡಗೈಯಿಂದ ಕಂಬ ಹಿಡಿಯುತ್ತೇನೆ. ಅಪ್ಪಯ್ಯ ಅಮ್ಮನೊಂದಿಗೆ ಬಹಳ ದಿನ ಮಾತಾಡಲಿಲ್ಲ, ಆಮೇಲೆ ಮಾತಾಡಿದರು. ಅಮ್ಮ ನನ್ನಲ್ಲಿ ಕ್ಷಮೆ ಕೇಳಿಲ್ಲ. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಅನ್ನಿಸಿದೆಯೋ, ಸಿಕ್ಕಿಬಿದ್ದದ್ದು ತಪ್ಪು ಎಂದು ಅನ್ನಿಸಿದೆಯೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಾಗಿಲ್ಲ.

ಅವಳು ಪ್ರತಿ ಸಂಜೆ ಕೇಳುತ್ತಾಳೆ, “ಕೈ ಹ್ಯಾಂಗಿತ್ತ್ ಮಗಾ?”

“ಪರವಾಗಿಲ್ಲ” ಎನ್ನುತ್ತೇನೆ. ಆಫೀಸಿನಲ್ಲಿ ಯಾರಾದರೂ ಕೇಳಿದರೂ ಹಾಗೇ ಹೇಳುತ್ತೇನೆ. ಕೆಲವು ದಿನ ಅದು ನಿಜ, ಕೆಲವು ದಿನ ಅಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಾಳೆ. ನಾನು ಅದನ್ನು ಪುಸ್ತಕದ ಕೆಳಗೆ ಇಟ್ಟುಕೊಂಡು, ಅವಳು ಹೋಗುವವರೆಗೆ ಓದುತ್ತೇನೆ.